ಮೆಕ್ಕೆಜೋಳ ಹಾಕಿದ್ದು ಯಾರು

"ಏನ್ ಮುಖ ನೋಡ್ತಾ ನಿಂತಿದೀಯ? ಹಿಂಗಾಲು ಹಿಡ್ಕೊಂಡು ಎಳಿ ಮಲ್ಲಮ್ಮ! ಬೇಲಿ ಆಚೆ ಎಸೆದ್ಬಿಟ್ಟು ಬಾ. ನಿಮ್ಮೋರಿಗೆ ಇದೇನು ಹೊಸ ಕೆಲ್ಸಾನಾ?"

ಕೇಶವ್ ಮೂಗಿಗೆ ಕರ್ಚೀಫು ಒತ್ತಿಕೊಂಡು ಹಿತ್ತಲಿನ ಮರದ ಡೆಕ್ಕಿನ ಮೇಲೇ ನಿಂತಿದ್ದ. ಕೆಳಗೆ ಹುಲ್ಲಿನಲ್ಲಿ ಜಿಂಕೆ ಸತ್ತು ಬಿದ್ದಿತ್ತು. ಮೈಯೆಲ್ಲ ಎಲುಬು, ಬಾಯಿಂದ ಸುರಿದ ಜೊಲ್ಲು ಒಣಗಿ ಅಂಟಿತ್ತು. ಎರಡು ದಿನದಿಂದ ಅದು ಕಿವಿ ಜೋತುಬಿಟ್ಟು ಗಾಣದೆತ್ತಿನ ಹಾಗೆ ಸುತ್ತುತ್ತಿದ್ದುದನ್ನು ಮಲ್ಲಮ್ಮ ನೋಡಿದ್ದಳು, ಹೇಳಿಯೂ ಇದ್ದಳು. "ಪಾಪ, ಹಸಿವಿರ್ಬೇಕು. ಇನ್ನೊಂದು ಹರಿವಾಣ ಕಾರ್ನ್ ಹಾಕಿದ್ರಾಯ್ತು" ಎಂದಿದ್ದಳು ಕೇಶವನ ಹೆಂಡತಿ ಸರಳಾ. ಆಕೆ ಡಾಕ್ಟರು.

ಎರಡು ಸಾವಿರದ ಎಂಟರ ಸೆಪ್ಟೆಂಬರು. ಅಮೆರಿಕದ ಮಿಶಿಗನ್ನಿನಲ್ಲಿ ಸಾಕಿದ ಜಿಂಕೆಯೊಂದಕ್ಕೆ ಮಿದುಳು ತಿನ್ನುವ ರೋಗ ಅಂಟಿದ್ದು ಗೊತ್ತಾಗಿ ಎಲ್ಲರಿಗೂ ದಿಗಿಲು. ಒಂದೇ ಕಡೆ ಮೇವು ಹಾಕಿದರೆ ಜಿಂಕೆಗಳು ಒಂದರ ಎಂಜಲು ಒಂದು ತಿಂದು ರೋಗ ಹಬ್ಬುತ್ತದೆ, ಹಾಕಲೇಬೇಡಿ ಎಂದು ಸರ್ಕಾರ ಸಾರಿತ್ತು. ಫಾರ್ಮಿಂಗ್ಟನ್ ಹಿಲ್ಸಿನ ಇವರ ಬಡಾವಣೆಯಲ್ಲಂತೂ ಮೀಟಿಂಗೇ ಆಯಿತು. ಬಂದೂಕಿನವರನ್ನು ಕರೆಸಿ ಹಿಂಡು ತಗ್ಗಿಸೋಣ ಎಂದರು ಅರ್ಧ ಜನ. ಆಗ ಎದ್ದು ನಿಂತವನು ಕೇಶವ್. ನಮ್ಮ ಸಂಸ್ಕೃತಿಯಲ್ಲಿ ಜೀವ ಜೀವಕ್ಕೆ ಭೇದವಿಲ್ಲ ಎಂದು ಹತ್ತು ನಿಮಿಷ ಮಾತಾಡಿದ. ಬಿಳಿಯರು ಕಣ್ಣೊರೆಸಿಕೊಂಡು ಚಪ್ಪಾಳೆ ತಟ್ಟಿದರು. ಅವನ ಕೂಸನ್ನು ಎತ್ತಿಕೊಂಡು ಮಲ್ಲಮ್ಮ ಗೋಡೆಗೆ ಆತು ನಿಂತಿದ್ದಳು. ಕುರ್ಚಿಗಳೇನೋ ಖಾಲಿ ಇದ್ದವು.

ಆಮೇಲೂ ದಿನಾ ಪೂಜೆ ಮುಗಿದ ಮೇಲೆ ಹಿತ್ತಾಳೆ ಹರಿವಾಣದಲ್ಲಿ ಜಿಂಕೆಗಳಿಗೆ ಮೆಕ್ಕೆಜೋಳ ಹೋಗುತ್ತಿತ್ತು. ಮಲ್ಲಮ್ಮನ ತಟ್ಟೆ ಮಾತ್ರ ಬೇಸ್‌ಮೆಂಟಿನಲ್ಲಿ, ವಾಷಿಂಗ್ ಮಷೀನಿನ ಪಕ್ಕ.

ಕೂಸು ನೋಡಿಕೊಳ್ಳಲು ಆರು ತಿಂಗಳಿಗೆಂದು ಅವಳನ್ನು ಸಿಂಧನೂರಿನಿಂದ ಕರೆತಂದಿದ್ದರು. ಈಗ ಹದಿನೆಂಟನೆಯ ತಿಂಗಳು. ಪಾಸ್‌ಪೋರ್ಟು ಸರಳಾಳ ಬೀರುವಿನಲ್ಲಿ. ಊರಿಗೆ ಕಳಿಸಿರಿ ಎಂದಾಗಲೆಲ್ಲ ಒಂದೇ ಉತ್ತರ: "ಎಕ್ಸ್‌ಟೆನ್ಶನ್‌ಗೆ ಅಪ್ಲೈ ಮಾಡಿದೀವಿ, ಸುಮ್ನಿರು."

ಮಲ್ಲಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಎಳೆಯುತ್ತಾಳೆ ಎಂದುಕೊಂಡ ಕೇಶವ್.

"ನಮ್ಮ ಕೇರ್‍ಯಾಗ ಸತ್ತ ದನಾ ಎಳಿಯೂದು ಬಿಟ್ಟು ಇಪ್ಪತ್ತು ವರ್ಷಾತ್ರಿ ಸಾಹೇಬ್ರ. ಎಳ್ಯಂಗಿಲ್ಲ ಅಂದಿದ್ದಕ್ಕ ಗೌಡನ ಮಂದಿ ನಮ್ಮಪ್ಪನ ಕೈ ಮುರದ್ರು. ಆದ್ರೂ ಎಳೀಲಿಲ್ಲ. ನಿಮ್ಮ ಜಿಂಕಿ ಎಳ್ಯಾಕ ಇಮಾನಾ ಹತ್ತಿ ಬಂದೀನೇನು ನಾ?"

"ಬಾಯಿ ನೋಡು ಮುಂಡೇದಕ್ಕೆ! ಅನ್ನ ಹಾಕಿದ್ದಕ್ಕೆ..."

ಮಾತು ಅಲ್ಲೇ ನಿಂತಿತು. ಮನೆಯ ಮುಂದೆ ವನ್ಯಜೀವಿ ಇಲಾಖೆಯ ಟ್ರಕ್ಕು ಬಂದು ನಿಂತ ಸದ್ದು. ಸತ್ತ ಜಿಂಕೆ ಕಂಡು ಪಕ್ಕದ ಮನೆಯವರು ಫೋನು ಮಾಡಿದ್ದರು.

ಸರಳಾ ಓಡಿ ಬಂದಳು. ಯಾವತ್ತೂ ಮುಟ್ಟದವಳು ಮಲ್ಲಮ್ಮನ ಭುಜ ಹಿಡಿದಳು.

"ಮಲ್ಲಮ್ಮ, ನಮ್ಮಮ್ಮ ಅಲ್ವಾ? ಕಾರ್ನ್ ಹಾಕಿದ್ದು ನಾನೇ ಅನ್ನು. ತಲೆ ಆಡಿಸಿದ್ರೆ ಸಾಕು. ಇವ್ರ ಗ್ರೀನ್ ಕಾರ್ಡ್ ಇಂಟರ್‌ವ್ಯೂ ಇದೆ ಮುಂದಿನ ವಾರ. ನಿಂಗೇನು, ಹೇಗೂ ಊರಿಗೆ ಹೋಗೋಳು."

"ಯಾವಾಗ್ರಿ ಅಕ್ಕಾರ?"

ಸರಳಾ ಭುಜ ಬಿಟ್ಟಳು.

ಟ್ರಕ್ಕಿನಿಂದಿಳಿದು ಬಂದ ಅಧಿಕಾರಿ ಕೈಗವಸು ಹಾಕಿಕೊಂಡು ಜಿಂಕೆಯನ್ನು ಹೊರಳಿಸಿ ನೋಡಿದ. ತಲೆ ಕತ್ತರಿಸಿ ಪರೀಕ್ಷೆಗೆ ಒಯ್ಯಬೇಕು ಎಂದ. ಹುಲ್ಲಿನಲ್ಲಿದ್ದ ಕಾಳು ಹೆಕ್ಕಿ, ಇದನ್ನು ಹಾಕಿದ್ದು ಯಾರು ಎಂದು ಕೇಳಿದ.

ಕೇಶವ್ ನಿಟ್ಟುಸಿರು ಬಿಟ್ಟು ಇಂಗ್ಲಿಷಿನಲ್ಲಿ ಹೇಳಿದ. ನಮ್ಮ ಕೆಲಸದಾಕೆ, ಪಾಪ, ಓದುಬರಹವಿಲ್ಲ, ಹಳ್ಳಿಯ ಮೂಢನಂಬಿಕೆ, ನಾವೂ ಎಷ್ಟೋ ಹೇಳಿ ನೋಡಿದೆವು. ಹದಿನೆಂಟು ತಿಂಗಳು ಆ ಮನೆಯ ಇಂಗ್ಲಿಷು ಕೇಳಿದ್ದ ಮಲ್ಲಮ್ಮನಿಗೆ 'ಮೇಡ್' ಗೊತ್ತಿತ್ತು, 'ಕಾರ್ನ್' ಗೊತ್ತಿತ್ತು. ಉಳಿದದ್ದನ್ನು ಅವನ ಮುಖವೇ ಹೇಳಿತು.

ಅವಳು ತಲೆ ಆಡಿಸಲಿಲ್ಲ. ಮನೆಯ ಪಕ್ಕದಿಂದ ಗರಾಜಿಗೆ ಹೋಗಿ ಗುಂಡಿ ಒತ್ತಿದಳು. ದೊಡ್ಡ ಬಾಗಿಲು ಗಡಗಡ ಮೇಲೇರಿತು. ಕೇಶವನ ಕಾರಿನ ಪಕ್ಕ ಮೆಕ್ಕೆಜೋಳದ ಐವತ್ತು ಪೌಂಡಿನ ಚೀಲಗಳು, ಎದೆಯೆತ್ತರ.

ಹಿಂದೆಯೇ ಬಂದ ಅಧಿಕಾರಿ ಚೀಲಗಳನ್ನು ನೋಡಿದ, ಅವಳನ್ನು ನೋಡಿದ. ಇದನ್ನು ಮಾರುವ ಅಂಗಡಿ ಇಲ್ಲಿಗೆ ಹನ್ನೊಂದು ಮೈಲಿ. ಈಕೆ ಡ್ರೈವ್ ಮಾಡುತ್ತಾಳೋ ಎಂದು ಬೆನ್ನಿಗೇ ಬಂದಿದ್ದ ಕೇಶವನನ್ನು ಕೇಳಿದ.

ಕೇಶವ್ ಕೆಮ್ಮಿದ.

ಮಲ್ಲಮ್ಮ ಒಂದು ಚೀಲ ಕೆಳಗೆಳೆದು ಅದರ ಮೇಲೆ ಕೂತಳು. ಕೇಶವನ ಮುಂದೆ ಅವಳು ಕೂತದ್ದು ಅದೇ ಮೊದಲು.

"ಪಾಸ್‌ಪೋರ್ಟ್" ಎಂದಳು.

ಏನಂತೆ ಎಂದು ಕೇಳಿದ ಅಧಿಕಾರಿ. "ನೀರು ಬೇಕಂತೆ" ಎಂದ ಕೇಶವ್, ಇಂಗ್ಲಿಷಿನಲ್ಲೇ, ನಗುತ್ತ.

ಅಧಿಕಾರಿ ನಗಲಿಲ್ಲ. ಪಾಸ್‌ಪೋರ್ಟ್ ಅವನ ಭಾಷೆಯದೇ ಮಾತು. ಸೊಂಟದ ರೇಡಿಯೋ ತೆಗೆದು ಯಾರನ್ನೋ ಕರೆಯತೊಡಗಿದ. ಬರುವವರು ಕೇಶವನನ್ನು ಕೇಳಿಯಾರೋ, ವೀಸಾ ಮುಗಿದ ತನ್ನನ್ನೇ ಕೈಕೋಳ ಹಾಕಿ ಒಯ್ದಾರೋ, ಮಲ್ಲಮ್ಮನಿಗೆ ತಿಳಿಯದು. ಅವಳು ಏಳಲಿಲ್ಲ.

"ಒಳಗ ಹೋಗಿ ತಗೊಂಡ್ ಬಾರೋ, ಕೇಶವಾ."