ಮುಟ್ಟದೆ ಎದ್ದ ತಟ್ಟೆ

ಬೂದಿ, ನಿಂಬೆರಸ ಹಚ್ಚಿ ಉಜ್ಜಿದ ಹಿತ್ತಾಳೆಯ ವಾಸನೆ ಬಂದರೆ ನನಗೆ ಈಗಲೂ ಅಪ್ಪನ ನೆನಪು. ಹಬ್ಬದ ಹಿಂದಿನ ದಿನ ಅವನು ಅಂಗಳದಲ್ಲಿ ಕೂತು ಟ್ಯೂಬಾ ಎಂಬ ದೊಡ್ಡ ಕಹಳೆಯನ್ನು ಉಜ್ಜುತ್ತಿದ್ದ. ಅದರ ಅಗಲವಾದ ಬಾಯಿಗೆ ತಲೆ ತೂರಿಸಿ ನಾನು ಆ ಹುಳಿ ವಾಸನೆ ಎಳೆದುಕೊಳ್ಳುತ್ತಿದ್ದೆ. ಅದೇ ಟ್ಯೂಬಾ ಇವತ್ತೂ ನಮ್ಮೂರ ವಾದ್ಯಮೇಳದಲ್ಲಿದೆ. ಸೀಳಿದ ಕಡೆಯೆಲ್ಲ ಸೈಕಲ್ ಟ್ಯೂಬಿನ ರಬ್ಬರ್ ಸುತ್ತಿದ್ದಾರೆ. ಊದಿದರೆ ಮುದುಕ ಕೆಮ್ಮಿದ ಹಾಗೆ ಕೇಳುತ್ತದೆ.

ಒಹಾಕಾ ಸೀಮೆಯ ಈ ಬೆಟ್ಟಗಳಲ್ಲಿ ಊರಿಗೊಂದು ಮೇಳ. ನಮ್ಮ ಹಬ್ಬಕ್ಕೆ ಎದುರು ಬೆಟ್ಟದವರು ಬಂದು ನುಡಿಸುತ್ತಾರೆ, ಅವರ ಹಬ್ಬಕ್ಕೆ ನಾವು ಹೋಗುತ್ತೇವೆ. ದುಡ್ಡಿನ ಮಾತೇ ಇಲ್ಲ. ಬಂದವರಿಗೆ ಹೊಟ್ಟೆ ತುಂಬ ಊಟ, ಹೊರಡುವಾಗ ಬಟ್ಟೆಯಲ್ಲಿ ಕಟ್ಟಿದ ಬುತ್ತಿ. ಆ ಬಟ್ಟೆಯನ್ನು ಮುಂದಿನ ಸಲ ತರಬೇಕು, ಬರಿದಾಗಿ ತರಬಾರದು. ಅವರು ನಮ್ಮ ಹಬ್ಬಕ್ಕೆ ಬಂದು ಹೋಗಿಯಾಗಿತ್ತು. ಈಗ ನಾವು ಹೋಗದಿದ್ದರೆ ಅಜ್ಜಂದಿರ ಕಾಲದ ನಂಟು ಕಡಿದುಹೋಗುತ್ತದೆ. ಆದರೆ ಈ ಕೆಮ್ಮುವ ಟ್ಯೂಬಾ ಹೊತ್ತು ಹೋಗುವುದು ಹೇಗೆ?

ಅಂಥ ಹೊತ್ತಿನಲ್ಲಿ ರಾಜಧಾನಿಯ ದತ್ತಿ ಸಂಸ್ಥೆಯೊಂದು ಲಾರಿ ತುಂಬ ಹೊಸ ವಾದ್ಯ ಕಳಿಸಿತು. ಜೊತೆಗೆ ಬಂದವಳು ರೆನಾತಾ ಎಂಬ ನಡುವಯಸ್ಸಿನ ಹೆಂಗಸು. ಊಟವಾದ ಮೇಲೆ ಸಭೆ ಸೇರಿ ತೀರ್ಮಾನಿಸುವ ತನಕ ಲಾರಿಯ ಹಗ್ಗ ಬಿಚ್ಚಬಾರದು ಎಂದು ಊರವರು ಹೇಳಿದ್ದರು.

"ಪುಕ್ಕಟೆ ಕೊಡೋರು ಯಾರಿದ್ದಾರೆ ಟೀಚರಮ್ಮ?" ಎಂದು ಊರ ಸ್ಕೂಲಿನ ಟೀಚರಾದ ನನ್ನನ್ನು ಕೇಳಿದಳು ಹಬ್ಬದಡುಗೆಯ ಯಜಮಾನಿ ಫಿದೆನ್ಸಿಯಾ, ಸಾರಿನ ಹಂಡೆ ಕಲಕುತ್ತ. ಅವಳು ಒಪ್ಪದಿದ್ದರೆ ಸಭೆಯಲ್ಲಿ ಅರ್ಧ ಜನ ಕೈ ಎತ್ತುವುದಿಲ್ಲ. "ನನ್ ತವರೂರಲ್ಲಿ ಹೀಗೇ ಯಾರೋ ಬಂದು ಸ್ಕೂಲಿಗೆ ಸೂರು ಹಾಕಿಸ್ಕೊಟ್ರು. ಆಮೇಲೆ ಗಣಿ ಮಾಡ್ತೀವಿ ಅಂತ ಬೆಟ್ಟ ಕೊರೆದ್ರು. ಈಗ ಸೂರಿದೆ, ಕುಡಿಯೋಕೆ ನೀರಿಲ್ಲ."

"ಟ್ಯೂಬಾದಲ್ಲಿ ಬೆಟ್ಟ ಕೊರೆಯೋಕಾಗಲ್ಲ ಅತ್ತಿಗೆ," ಎಂದ ಮೇಳದ ಗುರು ಹೊನೋರಿಯೊ.

"ನಿನ್ ತಲೆ ಕೊರೆದಿದೆಯಲ್ಲಪ್ಪ, ಅಷ್ಟು ಸಾಕು."

ನನಗೂ ಅನುಮಾನವಿತ್ತು. ಬೆಳಿಗ್ಗೆ ರೆನಾತಾಳನ್ನು ನೇರವಾಗಿ ಕೇಳಿದ್ದೆ, "ನಮ್ಮಿಂದ ನಿಮಗೇನಾಗ್ಬೇಕಮ್ಮ?"

"ಏನೂ ಬೇಡ," ಅಂದಿದ್ದಳು ನಗುತ್ತ.

ಆ ಮಾತೇ ನನ್ನನ್ನು ಕೊರೆಯುತ್ತಿತ್ತು. ಏನಾದರೂ ಬೇಕು ಅಂದಿದ್ದರೆ ಕೊಡಬಹುದಿತ್ತು. ಏನೂ ಬೇಡವೆನ್ನುವವರ ಋಣ ತೀರಿಸುವುದು ಹೇಗೆ?

ಊಟಕ್ಕೆ ಎಲ್ಲರೂ ಉದ್ದನೆಯ ಮೇಜಿಗೆ ಕೂತೆವು. ರೆನಾತಾಳ ಮುಂದೆ ಮಾಂಸದ ಸಾರು, ಬಿಸಿ ತೋರ್ತಿಯಾ ರೊಟ್ಟಿ ಬಡಿಸಿದರು. ಎಲ್ಲರ ಕಣ್ಣೂ ಅವಳ ಕೈಯ ಮೇಲೆ. ಅವಳು ಸುತ್ತ ಒಮ್ಮೆ ನೋಡಿದಳು. ತೋರ್ತಿಯಾವನ್ನು ತಟ್ಟೆಯ ಮೇಲೆ ಮುಚ್ಚಿ, ತಟ್ಟೆ ಹಿಡಿದು ಎದ್ದು ಲಾರಿಯ ಹಿಂದಕ್ಕೆ ಹೋದಳು.

"ನೋಡಿದ್ರಾ?" ಫಿದೆನ್ಸಿಯಾ ನನ್ನ ಕಿವಿಯಲ್ಲಿ ಹೇಳಿದಳು. "ಒಂದು ತುತ್ತು ತಿನ್ಲಿಲ್ಲ. ನಮ್ಮ ಉಪ್ಪು ತಿಂದ್ರೆ ನಾಳೆ ಬೆಟ್ಟ ಅಗೆಯೋಕೆ ಮನಸ್ಸು ಬರಬೇಕಲ್ಲ. ನಾಯಿಗೆ ಸುರಿಯೋಕೆ ಹೋಗಿರ್ತಾಳೆ."

ಹೊನೋರಿಯೊ ತಲೆ ತಗ್ಗಿಸಿದ. ಲಾರಿ ಹಾಗೇ ವಾಪಸು ಹೋಗುತ್ತದೆಂದು ಅವನಿಗೆ ಗೊತ್ತಾಗಿತ್ತು.

ಲಾರಿಯ ಆಚೆ ನಮ್ಮ ನೀರಿನ ಬುಗ್ಗೆಯಿದೆ. ಅದರ ಫೋಟೋ ತೆಗೆಯುತ್ತಿದ್ದಾಳೇನೋ ಎಂದುಕೊಂಡು ನಾನು ಮೆಲ್ಲಗೆ ಹೋದೆ. ಲಾರಿಯ ನೆರಳಲ್ಲಿ ಕಲ್ಲಿನ ಮೇಲೆ ನರೆಗೂದಲಿನ ಡ್ರೈವರ್ ಕೂತು ಆ ತಟ್ಟೆಯಲ್ಲಿ ಉಣ್ಣುತ್ತಿದ್ದ. ಅವನ ಲೋಟಕ್ಕೆ ಅವಳು ನೀರು ಬಗ್ಗಿಸುತ್ತಿದ್ದಳು.

"ಇನ್ನೊಂದು ತಟ್ಟೆ ಕೇಳ್ಬಹುದಿತ್ತಲ್ಲಮ್ಮ?" ಎಂದೆ.

"ಎಲ್ರೂ ನನ್ನನ್ನೇ ನೋಡ್ತಾ ಇದ್ರಿ, ಬಾಯೇ ಬರ್ಲಿಲ್ಲ. ಇವ್ರು ರಾತ್ರಿಯಿಂದ ಗಾಡಿ ಓಡ್ಸಿದಾರೆ."

ಹಬ್ಬದ ದಿನ ದಾರಿಹೋಕನನ್ನೂ ಕೂಗಿ ಕರೆದು ಉಣಿಸುವ ಊರು ನಮ್ಮದು. ಕೊಡಲು ಬಂದವಳನ್ನು ಕಣ್ಣಿಟ್ಟು ಕಾಯುವ ಭರದಲ್ಲಿ, ಹೊತ್ತು ತಂದವನನ್ನು ಯಾರೂ ಕರೆದಿರಲಿಲ್ಲ. ನಾನೂ ಕರೆದಿರಲಿಲ್ಲ.

ಮರಳಿ ಬಂದು ಕಂಡದ್ದನ್ನು ಫಿದೆನ್ಸಿಯಾಗೆ ಹೇಳಿದೆ. ಅವಳು ಸೌಟನ್ನು ಹಂಡೆಯ ಮೇಲಿಟ್ಟು ಲಾರಿಯ ಕಡೆ ನೋಡಿದಳು.

"ಹಾಗಂತ ಅವಳನ್ನ ಕಳಿಸಿದೋರು ಒಳ್ಳೇವ್ರು ಅಂತೇನಿಲ್ಲ," ಎಂದಳು.

"ಇಲ್ಲ. ಅದು ನಂಗೂ ಗೊತ್ತಿಲ್ಲ."

ಅವಳು ಇನ್ನೊಂದು ಹಂಡೆಯ ತಳದಿಂದ ಎಲೆ ಸುತ್ತಿ ಬೇಯಿಸಿದ ಕಾಳಿನ ತಮಾಲೆ ಕಡುಬುಗಳನ್ನು ತೆಗೆದಳು. ಪೆಟ್ಟಿಗೆಯಿಂದ ತಾನೇ ನೇಯ್ದ ಕೆಂಪಂಚಿನ ಬಟ್ಟೆ ತಂದು ಬಿಗಿಯಾಗಿ ಕಟ್ಟಿದಳು. ಹೊನೋರಿಯೊನನ್ನು ದಾಟುವಾಗ, "ಟ್ಯೂಬಾ ಇಳ್ಸು. ಉಳಿದಿದ್ದು ಸಭೇಲಿ ನೋಡೋಣ," ಎಂದಳು.

ಲಾರಿಯ ಹಿಂದೆ ರೆನಾತಾ ಗಾಬರಿಯಿಂದ ಎದ್ದು ನಿಂತಳು. ಫಿದೆನ್ಸಿಯಾ ಅವಳನ್ನು ಮೇಲಿಂದ ಕೆಳಗೆ ನೋಡಿ, ಹಬೆಯಾಡುವ ಆ ಗಂಟನ್ನು ಅವಳ ಎರಡೂ ಕೈಗಳಲ್ಲಿಟ್ಟಳು.