ಕೆಮ್ಮಣ್ಣು ಲಾಕಿ

"ಆ ಬಟ್ಟೆ ಇಳಿಸಿಬಿಡಿ ಆಂಟಿ," ಏಣಿಯ ಬುಡದಲ್ಲಿ ನಿಂತು ಟಿಪೆನೆ ಹೇಳಿದ. "ಬೇರೆ ಏನಾದ್ರೂ ಬರೆಯೋಣ."

ನೋಲೀನಳ ಬಾಯಲ್ಲಿ ಮೊಳೆಗಳಿದ್ದವು. ಅವಳು ಕೊನೆಯ ಮೂಲೆಯನ್ನೂ ಬಡಿದು ಮುಗಿಸಿದಳು. ಕೆಳಗಿಳಿದು, ಸೊಂಟದ ಮೇಲೆ ಕೈಯಿಟ್ಟುಕೊಂಡು ತನ್ನ ಕೆಲಸವನ್ನು ನೋಡಿಕೊಂಡಳು. ಹಳೆಯ ಹಾಸಿಗೆ ಬಟ್ಟೆ. ಅದರ ಮೇಲೆ ಅವಳೇ ಕೈಯಾರೆ ಕೆಮ್ಮಣ್ಣಿನಲ್ಲಿ ಬರೆದ ದಪ್ಪ ಅಕ್ಷರಗಳು: ‘ಕೆಮ್ಮಣ್ಣು ಲಾಕಿಯ ದಿನ’. ಕೆಳಗೆ ಸಣ್ಣದಾಗಿ, ‘ಕರುಳಿನ ಕ್ಯಾನ್ಸರ್ ನಿಧಿಗಾಗಿ’. ಉಣ್ಣೆ ಕತ್ತರಿಸುವ ಶೆಡ್ಡಿನ ಬಾಗಿಲ ಮೇಲೆ ಅದು ರಸ್ತೆಯಿಂದಲೇ ಕಾಣುವಂತಿತ್ತು.

"ಯಾಕೆ, ಅಕ್ಷರ ತಪ್ಪಿದೆಯಾ?" ಎಂದು ಕೇಳಿದಳು. ಟಿಪೆನೆ ಇಲ್ಲ ಎಂದ. ಗಾಳಿಗೆ ಹರಿದೀತು ಎಂದ, ಬಣ್ಣ ಇಳಿದೀತು ಎಂದ. ಕರುಳು ಎಂಬ ಮಾತಿಗೆ ಇವನಿಗೆ ನಾಚಿಕೆಯಾಗಿರಬೇಕು ಎಂದುಕೊಂಡು ಅವಳು ಏಣಿ ಮಡಿಸಿದಳು. ನಮ್ಮ ಕಡೆಯ ಗಂಡಸರು ಕುರಿಯ ಕರುಳಿನ ವಿಚಾರವನ್ನು ಊಟದ ನಡುವೆಯೂ ಮಾತಾಡಬಲ್ಲರು. ತಮಗೂ ಒಂದು ಕರುಳಿದೆ ಎಂಬುದನ್ನು ಮಾತ್ರ ಒಪ್ಪಿಕೊಳ್ಳುವುದಿಲ್ಲ.

ಟಿಪೆನೆ ಉಣ್ಣೆ ಕತ್ತರಿಸುವ ತಂಡದ ಯಜಮಾನ. ನೋಲೀನ್ ಆ ತಂಡಕ್ಕೆ ಅಡುಗೆಯವಳು. ಅವಳ ಗಂಡ ಲಾಕಿ ತಂಡದ ಹಿರಿಯ ಕೆಲಸಗಾರನಾಗಿದ್ದವನು, ಹೋದ ಚಳಿಗಾಲದಲ್ಲಿ ತೀರಿಕೊಂಡ. ಈ ಶೆಡ್ಡಿನಲ್ಲೇ, ಕಾಲುಗಳ ನಡುವೆ ಕುರಿ ಹಿಡಿದುಕೊಂಡೇ ಕುಸಿದು ಬಿದ್ದಿದ್ದ. ಆಸ್ಪತ್ರೆಗೆ ಸೇರಿಸುವ ಹೊತ್ತಿಗೆ ಕರುಳಿನ ಗಂಟು ಯಕೃತ್ತನ್ನೂ ಹೊಕ್ಕಿತ್ತು. ಮೊದಲೇ ಬಂದಿದ್ದರೆ ಎಂದು ವೈದ್ಯರು ಅರ್ಧ ಹೇಳಿ ನಿಲ್ಲಿಸಿದ್ದರು. ಆ ಅರ್ಧ ಮಾತನ್ನು ನೋಲೀನ್ ಒಲೆಯ ಮುಂದೆ ನಿಂತಾಗಲೆಲ್ಲ ತಾನೇ ಪೂರ್ತಿ ಮಾಡಿಕೊಳ್ಳುತ್ತಿದ್ದಳು. ತನ್ನ ಪಕ್ಕದಲ್ಲೇ ಮಲಗುತ್ತಿದ್ದ ಮನುಷ್ಯನ ಕಾಯಿಲೆ ತನಗೆ ಗೊತ್ತಾಗಲಿಲ್ಲವಲ್ಲ ಎಂಬ ಕೊರಗು ಅವಳನ್ನು ತಿನ್ನುತ್ತಿತ್ತು.

ಕೆಮ್ಮಣ್ಣು ಎಂಬ ಅಡ್ಡಹೆಸರು ಲಾಕಿಗೆ ತಡವಾಗಿ ಬಂದದ್ದು. ಅವನದು ಕೆಂಚು ಕೂದಲು, ಅದಕ್ಕೇ ಕುರಿಗೆ ಗುರುತು ಹಚ್ಚುವ ಮಣ್ಣಿನ ಹೆಸರಿಟ್ಟಿದ್ದಾರೆ ಎಂದು ನೋಲೀನ್ ತಿಳಿದಿದ್ದಳು. ಕೂದಲು ಮುಕ್ಕಾಲು ಪಾಲು ನರೆತ ಮೇಲೆ ಈ ಹೆಸರು ಯಾಕೆ ಬಂತು ಎಂದು ಯೋಚಿಸಲಿಲ್ಲ. ಗಂಡನನ್ನು ನಾಲ್ಕು ಜನ ಅಕ್ಕರೆಯಿಂದ ಕರೆದರೆ ಯಾವ ಹೆಂಡತಿ ವಿಚಾರಣೆ ಮಾಡುತ್ತಾಳೆ? ಈಗೀಗ ಮಗ ಫರ್ಗಸನನ್ನೂ ಅವರು ‘ಮರಿ ಕೆಮ್ಮಣ್ಣು’ ಎಂದು ಕರೆಯತೊಡಗಿದ್ದರು. ಅಪ್ಪನ ಜಾಗದಲ್ಲಿ ನಿಂತವನಿಗೆ ಅಪ್ಪನ ಹೆಸರೂ ಬಂತು ಎಂದು ಅವಳಿಗೆ ಹೆಮ್ಮೆಯಾಗಿತ್ತು.

ನಿಜ ಹೇಳಬೇಕೆಂದರೆ ಈ ದಿನವನ್ನು ಅವಳು ಏರ್ಪಡಿಸಿದ್ದು ಫರ್ಗಸನಿಗಾಗಿ, ನಿಧಿ ಒಂದು ನೆಪ. ಅಪ್ಪನಿಗೆ ಬಂದ ಕಾಯಿಲೆ, ಮಗನೂ ತಪಾಸಣೆ ಮಾಡಿಸಿಕೊಳ್ಳಲೇಬೇಕು ಎಂದು ಆಸ್ಪತ್ರೆಯ ನರ್ಸ್ ಅವಳ ಕೈ ಹಿಡಿದು ಹೇಳಿದ್ದಳು. ಫರ್ಗಸ್ ಮಾತ್ರ ತನಗೇನೂ ತೊಂದರೆ ಇಲ್ಲ, ಹಂಗಾಮು ಮುಗಿಯಲಿ ನೋಡೋಣ ಎನ್ನುತ್ತಿದ್ದ. ಒಂದು ಹಂಗಾಮು ಮುಗಿದರೆ ಇನ್ನೊಂದು ಶುರುವಾಗುತ್ತಿತ್ತು. ಅಮ್ಮನ ಮಾತಿಗೆ ಬಗ್ಗದವನು ಹತ್ತು ಜನರ ನಡುವೆ ಕೂತು ನರ್ಸಿನ ಮಾತು ಕೇಳಿದರೆ ಬಗ್ಗಿಯಾನು ಎಂಬುದು ಅವಳ ಲೆಕ್ಕಾಚಾರ.

ಬೆಳಗ್ಗೆಯೇ ಜನ ಬಂದರು. ಸುತ್ತಲಿನ ರೈತರು ಕುರಿಗಳನ್ನು ಕಳಿಸಿದ್ದರು. ಉಣ್ಣೆ ಕತ್ತರಿಸಿದ ಕೂಲಿಯೆಲ್ಲ ನಿಧಿಗೆ. ಹೆಂಗಸರು ತಟ್ಟೆಗಟ್ಟಲೆ ಚೀಸ್ ರೋಲ್ ತಂದು ಬೆಣ್ಣೆ ಸವರಿ ಕಾಯಿಸತೊಡಗಿದರು. ಸೌತ್‌ಲ್ಯಾಂಡಿನವರು ಚರ್ಚಿನ ಮಾಡು ಸೋರಿದರೂ ಚೀಸ್ ರೋಲ್ ಮಾರುತ್ತಾರೆ, ಶಾಲೆಗೆ ಚೆಂಡು ಬೇಕಾದರೂ ಚೀಸ್ ರೋಲ್ ಮಾರುತ್ತಾರೆ ಎಂದು ನ್ಯೂಜಿಲೆಂಡಿನ ಉಳಿದವರು ನಮ್ಮನ್ನು ಆಡಿಕೊಳ್ಳುವುದು ಸುಳ್ಳಲ್ಲ. ಬಾಗಿಲ ಪಕ್ಕ ನರ್ಸ್ ಒಂದು ಮೇಜು ಹಾಕಿಕೊಂಡು ಕರಪತ್ರ ಹರಡಿಕೊಂಡಿದ್ದಳು. ಗಂಡಸರು ಕಚ್ಚುವ ನಾಯಿಯನ್ನು ಬಳಸಿ ಹೋಗುವಂತೆ ಆ ಮೇಜನ್ನು ಬಳಸಿ ಹೋದರು.

ಚಹಾದ ಹೊತ್ತಿಗೆ ನೋಲೀನ್ ದೊಡ್ಡ ಕೆಟಲನ್ನು ಎತ್ತಿಕೊಂಡು ಶೆಡ್ಡಿನ ಮೆಟ್ಟಿಲೇರಿದಳು. ಒಳಗೆ ನಗುವಿತ್ತು. ಅಷ್ಟರಲ್ಲಿ ಯಾರೋ ಕೂಗಿದರು: "ಕೆರೆಗೆ ಬಾತು ಬಂತು!"

ನಗು ನಿಂತುಹೋಯಿತು. ಇದು ಶೆಡ್ಡಿನ ಹಳೆಯ ಪದ್ಧತಿ. ಹೊರಗಿನ ಹೆಂಗಸೊಬ್ಬಳು ಹತ್ತಿರ ಬಂದಳೆಂದರೆ, ಪೋಲಿ ಮಾತು ನಿಲ್ಲಿಸಿ ಎಂದು ಒಬ್ಬರಿಗೊಬ್ಬರು ಕೊಡುವ ಎಚ್ಚರಿಕೆ. ಈಗ ಒಳಗೆ ಉಣ್ಣೆ ಗುಡಿಸುವ ಹುಡುಗಿಯರೂ ಇರುತ್ತಾರೆ, ಅವರಿಗಾಗಿ ಯಾರೂ ಕೂಗುವುದಿಲ್ಲ. ಆದರೆ ನೋಲೀನಳಿಗೆ ಮಾತ್ರ ಹಳೆಯ ಮರ್ಯಾದೆ ಉಳಿದಿತ್ತು. ಅದು ತನಗೆ ಸಲ್ಲುವ ಗೌರವ ಎಂದೇ ಅವಳು ಇಷ್ಟು ವರ್ಷ ತಿಳಿದಿದ್ದಳು.

ಚಹಾ ಹಂಚಿದ ಮೇಲೆ ನರ್ಸ್ ಮಾತಾಡಿದಳು. ಮಲದಲ್ಲಿ ರಕ್ತ ಕಂಡರೆ ಮುಚ್ಚಿಡಬೇಡಿ, ಅಭ್ಯಾಸ ಬದಲಾದರೆ ತಾನಾಗಿ ಸರಿಹೋದೀತೆಂದು ಕಾಯಬೇಡಿ, ಬೇಗ ಸಿಕ್ಕರೆ ಇದು ವಾಸಿಯಾಗುವ ಕಾಯಿಲೆ ಎಂದಳು. ಒಂದು ಮಾತನ್ನೂ ಸುತ್ತಿ ಬಳಸಿ ಹೇಳಲಿಲ್ಲ. ಕೇಳುತ್ತಿದ್ದವರು ಮಾಡಿನ ತೊಲೆಗಳನ್ನು ನೋಡುತ್ತ ಕೂತಿದ್ದರು. ಫರ್ಗಸ್ ಗೋಡೆಗೆ ಒರಗಿ ನಿಂತು ತನ್ನ ಉಣ್ಣೆ ಕತ್ತರಿಸುವ ಯಂತ್ರದ ಹಲ್ಲುಗಳಿಗೆ ಎಣ್ಣೆ ಬಿಡುತ್ತಿದ್ದ.

ಆಮೇಲೆ ನೋಲೀನ್ ಎದ್ದು ನಿಂತಳು. ಅವಳಿಗೆ ಭಾಷಣ ಬರುವುದಿಲ್ಲ. ಲಾಕಿ ಒಳ್ಳೆಯ ಕೆಲಸಗಾರ, ಒಳ್ಳೆಯ ಗಂಡ, ಹಾಡು ಮಾತ್ರ ಕೆಟ್ಟದಾಗಿ ಹಾಡುತ್ತಿದ್ದ ಎಂದಳು. ಜನ ಸ್ವಲ್ಪ ನಕ್ಕರು. ಅವಳಿಗೆ ಧೈರ್ಯ ಬಂತು.

"ಅವನು ಯಾರಿಗೂ ಹೇಳಲಿಲ್ಲ," ಎಂದಳು. "ಯಾರಿಗೂ ಗೊತ್ತಿರಲಿಲ್ಲ. ಒಬ್ಬರಿಗಾದ್ರೂ ಗೊತ್ತಿದ್ದಿದ್ರೆ ಕಿವಿ ಹಿಡಿದು ಎಳ್ಕೊಂಡು ಹೋಗ್ತಿದ್ವಿ, ಅಲ್ವಾ?"

ಯಾರೂ ಹೌದೆನ್ನಲಿಲ್ಲ. ಅವರೂ ದುಃಖದಲ್ಲಿದ್ದಾರೆ ಎಂದು ಅವಳಿಗೆ ಕನಿಕರವಾಯಿತು. ವಾತಾವರಣ ತಿಳಿಗೊಳಿಸಲು, ನನ್ನ ಗಂಡನ ಕೆಂಚು ಕೂದಲಿಗೆ ಇಷ್ಟು ಚಂದದ ಹೆಸರಿಟ್ಟವರಿಗೆ ಒಂದು ಚೀಸ್ ರೋಲ್ ಹೆಚ್ಚಿಗೆ ಕೊಡುತ್ತೇನೆ, ಯಾರವರು ಎಂದು ಕೇಳಿದಳು.

ಉಣ್ಣೆ ಮೂಟೆ ಕಟ್ಟುವ ಮುದುಕ ಡೂಗಲ್ ಬಾಗಿಲ ಬಳಿ ಕೂತಿದ್ದ. ಅವನು ಲಾಕಿಯ ಜೊತೆಗಾರ. ಬೆಳಗ್ಗೆಯಿಂದಲೇ ಬಿಯರ್ ಶುರು ಮಾಡಿದ್ದ, ನಾಲಿಗೆ ಸಡಿಲವಾಗಿತ್ತು.

"ಕೂದಲಿಗೆಲ್ಲಿಯ ಕೆಮ್ಮಣ್ಣು ನೋಲೀನ್," ಎಂದ. "ಅದು ಕುಂಡಿಗೆ ಇಟ್ಟ ಹೆಸರು."

ಅಭ್ಯಾಸಬಲದಿಂದ ಇಬ್ಬರು ಮೂವರು ನಕ್ಕೇ ಬಿಟ್ಟರು. ನಕ್ಕವರು ತಕ್ಷಣ ತಲೆ ತಗ್ಗಿಸಿದರು. ಡೂಗಲನ ಬಾಯಿ ತೆರೆದೇ ಇತ್ತು. ಆಡಿದ ಮಾತನ್ನು ನುಂಗಲು ನೋಡುತ್ತಿದ್ದಂತಿತ್ತು.

ನೋಲೀನ್ ಕುರಿಗಳ ನಡುವೆ ಹುಟ್ಟಿ ಬೆಳೆದವಳು, ಅವಳಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಪ್ರತಿ ವರ್ಷ ಟಗರಿನ ಎದೆಗೆ ಕೆಮ್ಮಣ್ಣು ಕಟ್ಟಿ ಹಿಂಡಿಗೆ ಬಿಡುತ್ತೇವೆ. ಯಾವ ಕುರಿಯ ಹಿಂಭಾಗ ಕೆಂಪಾಗಿದೆಯೋ ಅದರ ಮೇಲೆ ಟಗರು ಹತ್ತಿದೆ ಎಂದು ಗುರುತು. ಲಾಕಿಯ ಪ್ಯಾಂಟಿನ ಹಿಂದೆ ಇವರು ಕೆಂಪು ಕಲೆ ಕಂಡಿದ್ದಾರೆ, ಕಂಡು ಟಗರಿನ ಜೋಕು ಮಾಡಿದ್ದಾರೆ. ಅವಳು ಕೆಟಲ್ ಹಿಡಿದು ಮೆಟ್ಟಿಲೇರಿದಾಗಲೆಲ್ಲ ಅದನ್ನೇ ನುಂಗಿಕೊಂಡು ಸುಮ್ಮನಾಗಿದ್ದಾರೆ.

"ಯಾವಾಗಿಂದ?" ಎಂದು ಕೇಳಿದಳು.

ಉತ್ತರ ಕೊಟ್ಟವನು ಟಿಪೆನೆ. "ಅವರು ಬೀಳೋದಕ್ಕೆ ಎರಡು ಹಂಗಾಮು ಮುಂಚೆಯಿಂದ, ಆಂಟಿ. ಮೂಲವ್ಯಾಧಿ ಅಂದ್ರು. ಹಿಂದುಗಡೆ ನಲ್ಲೀಲಿ ಪ್ಯಾಂಟ್ ತೊಳ್ಕೊಂಡು, ಒದ್ದೇದನ್ನೇ ಹಾಕ್ಕೊಂಡು ಮತ್ತೆ ನಿಲ್ತಿದ್ರು. ನಿಮಗೆ ಹೇಳಬೇಡಿ ಅಂದ್ರು."

"ನೀವೇನು ಮಾಡಿದ್ರಿ?"

"ನಕ್ವಿ," ಎಂದ ಟಿಪೆನೆ.

ಅವಳಿಗೆ ಬಂದದ್ದು ಅಳುವಲ್ಲ, ಸಿಟ್ಟು. ಇಷ್ಟು ವರ್ಷ ಇವರ ತಟ್ಟೆಗೆ ಮಾಂಸ ಬಡಿಸಿದ್ದೇನೆ, ಇವರಿಗೆ ಜ್ವರ ಬಂದರೆ ಸಾರು ಮಾಡಿಕೊಟ್ಟಿದ್ದೇನೆ, ಒಬ್ಬನಿಗಾದರೂ ಬಾಯಿ ಬರಲಿಲ್ಲವೇ ಎಂಬ ಸಿಟ್ಟು. ಎದುರಿಗಿದ್ದ ಕೆಟಲನ್ನು ಎತ್ತಿ ಎಸೆಯಬೇಕೆನಿಸಿತು. ಆಗ ಅವಳಿಗೆ ಇನ್ನೊಂದು ಹೆಸರು ನೆನಪಾಯಿತು: ಮರಿ ಕೆಮ್ಮಣ್ಣು.

ಅವಳು ತಿರುಗಿದಳು. ಗೋಡೆಯ ಬಳಿ ಫರ್ಗಸ್ ಇರಲಿಲ್ಲ. ಬಿಡುವು ಮುಗಿಯುವ ಮುನ್ನವೇ ಅವನು ದೊಡ್ಡಿಯಿಂದ ಕುರಿಯೊಂದನ್ನು ಎಳೆದು ತಂದು, ತನ್ನ ಯಂತ್ರ ಹಾಕಿಕೊಂಡು ಬಗ್ಗಿದ್ದ. ಇಡೀ ಶೆಡ್ಡಿನಲ್ಲಿ ಅದೊಂದೇ ಸದ್ದು. ಎಲ್ಲರೂ ಅತ್ತಲೇ ನೋಡುತ್ತಿದ್ದರು, ಮತ್ತೆ ಅವಳನ್ನು ನೋಡುತ್ತಿದ್ದರು.

ಕತ್ತರಿಸುವವರು ನಿಲ್ಲುವ ಹಲಗೆಯ ಮೇಲೆ ಅಡುಗೆಯವಳು ಕಾಲಿಡುವುದಿಲ್ಲ. ನೋಲೀನ್ ಇಟ್ಟಳು. ಉಣ್ಣೆಯ ಜಿಡ್ಡಿಗೆ ಕಾಲು ಜಾರುತ್ತಿತ್ತು. ಮಗನ ಮುಂದೆ ಹೋಗಿ ನಿಂತು ಹೆಸರು ಹಿಡಿದು ಕರೆದಳು. ಅವನು ತಲೆಯೆತ್ತಲಿಲ್ಲ. ಟಿಪೆನೆ ಬಂದು ಮೇಲಿನ ಹಗ್ಗ ಎಳೆದ. ಯಂತ್ರ ನಿಂತಿತು. ಅರ್ಧ ಉಣ್ಣೆ ಕಳಚಿದ ಕುರಿ ಫರ್ಗಸನ ಮಂಡಿಗಳ ನಡುವೆ ಮಿಸುಕಾಡದೆ ಕೂತಿತ್ತು.

"ನಿನ್ನ ಕೂದಲು ನನ್ನ ಕೂದಲು," ಎಂದಳು ಅವಳು. "ಕಪ್ಪು. ನಿನಗ್ಯಾಕೆ ಬಂತು ಆ ಹೆಸರು?"

"ಎಲ್ಲರ ಮುಂದೆ ಬೇಡ ಅಮ್ಮ."

"ಎಲ್ಲರಿಗೂ ಗೊತ್ತು ಮಗ. ಗೊತ್ತಿಲ್ಲದವಳು ನಾನೊಬ್ಬಳೇ."

ಫರ್ಗಸ್ ಕುರಿಯ ಕಿವಿಯನ್ನು ಬೆರಳಲ್ಲಿ ಉಜ್ಜುತ್ತಿದ್ದ. ದೊಡ್ಡ ಆಳು, ಮೂವತ್ತು ದಾಟಿದವನು. ಅಪ್ಪನನ್ನು ಮಣ್ಣು ಮಾಡಿದ ವಾರವೇ ಶುರುವಾದದ್ದು ಎಂದ. ಮೊದಲು ಸ್ವಲ್ಪವೇ ಇತ್ತು, ಈಗ ಹೆಚ್ಚು ಎಂದ. ಮತ್ಯಾಕೆ ಹೋಗಲಿಲ್ಲ, ಕೈ ಮುಗಿದು ಕೇಳಿಕೊಂಡೆನಲ್ಲ ಎಂದು ಅವಳು ಕೇಳಿದಳು.

"ಹೋದ್ರೆ ಗೊತ್ತಾಗ್ಬಿಡತ್ತಲ್ಲ ಅಮ್ಮ," ಎಂದ ಅವನು.

ನರ್ಸ್ ಬಂದು ಮೆಲ್ಲಗೆ, ಇವತ್ತು ಶನಿವಾರವಾದರೂ ಗೋರ್ ಪಟ್ಟಣದಲ್ಲಿ ವೈದ್ಯರು ಸಿಗುತ್ತಾರೆ, ತಾನು ಈಗಲೇ ಫೋನ್ ಮಾಡಿ ಹೇಳುತ್ತೇನೆ ಎಂದಳು. ಕಾರಣ ಬೇರೆಯೂ ಇರಬಹುದು, ನೋಡದೆ ಯಾರೂ ಏನೂ ಹೇಳಲಾಗದು ಎಂದೂ ಸೇರಿಸಿದಳು. ಫರ್ಗಸ್ ತಲೆಯಾಡಿಸಿದ. ಆದರೆ ಅರ್ಧ ಕತ್ತರಿಸಿದ ಕುರಿಯನ್ನು ಬಿಟ್ಟು ಬರುವುದಿಲ್ಲ ಎಂದ. ನಾನು ಮುಗಿಸುತ್ತೇನೆ ಎಂದು ಟಿಪೆನೆ ಕೈಚಾಚಿದರೂ ಕೊಡಲಿಲ್ಲ. ಹಗ್ಗ ತಾನೇ ಎಳೆದುಕೊಂಡು ಮುಗಿಸಿದ, ಅವಸರ ಮಾಡದೆ, ಎಲ್ಲಿಯೂ ಗೀರು ಬೀಳದ ಹಾಗೆ. ಬೋಳಾದ ಕುರಿ ಇಳಿಜಾರಿನಲ್ಲಿ ಜಾರಿ ಹೊರಗೆ ಬಿಸಿಲಿಗೆ ಹೋಯಿತು. ಡೂಗಲ್ ಮೂಟೆಗಳ ಹಿಂದೆ ಮುಖ ಮುಚ್ಚಿಕೊಂಡು ಕೂತಿದ್ದ. ಅವನನ್ನು ಯಾರೂ ಮಾತಾಡಿಸಲಿಲ್ಲ.

ಹೊರಗೆ ತೆಂಕಣ ಗಾಳಿ ಜೋರಾಗಿತ್ತು. ಹೆಂಗಸರು ಒಲೆ ಬಿಟ್ಟು ಬಾಗಿಲಿಗೆ ಬಂದು ನಿಂತು ನೋಡಿದರು. ನೋಲೀನ್ ತನ್ನ ಕಾರಿನ ಬಾಗಿಲು ತೆರೆದು ಕಾಯುತ್ತಿದ್ದಳು. ಫರ್ಗಸ್ ಮೊದಲು ತನ್ನ ಗಾಡಿಯ ಬಳಿ ಹೋದ. ಅಲ್ಲಿಂದ ಮಡಿಸಿದ ಚೀಲದ ತುಂಡೊಂದನ್ನು ತಂದು ಅಮ್ಮನ ಪಕ್ಕದ ಸೀಟಿನ ಮೇಲೆ ಹಾಸಿ, ನಾಲ್ಕೂ ಮೂಲೆಗಳನ್ನು ಅಂಗೈಯಿಂದ ಸರಿಮಾಡಿದ.

"ಉಣ್ಣೆ ಜಿಡ್ಡು," ಎಂದ. "ಸೀಟು ಹಾಳಾಗತ್ತೆ."

ಲಾಕಿಯೂ ಇದೇ ಸೀಟಿನ ಮೇಲೆ ಚೀಲ ಹಾಸಿಯೇ ಕೂರುತ್ತಿದ್ದ, ಇದೇ ಮಾತು ಹೇಳುತ್ತಿದ್ದ. ಕಾರನ್ನು ಇಷ್ಟು ಜೋಪಾನ ಮಾಡುವ ಗಂಡಸನ್ನು ನೋಡಿಲ್ಲ ಎಂದು ಅವಳು ನೆರೆಮನೆಯವರಿಗೆಲ್ಲ ಹೇಳಿಕೊಂಡು ತಿರುಗಿದ್ದಳು.

ಅವಳು ಬಗ್ಗಿ ಆ ಚೀಲವನ್ನು ಎಳೆದುಕೊಂಡಳು. ತಿರುಗಿಸಿ ನೋಡಲಿಲ್ಲ.

"ಹಾಗೇ ಕೂತ್ಕೋ," ಎಂದಳು.

ಫರ್ಗಸ್ ಬಾಗಿಲು ಹಿಡಿದುಕೊಂಡು ಸ್ವಲ್ಪ ಹೊತ್ತು ನಿಂತ. ಆಮೇಲೆ ನಿಧಾನವಾಗಿ, ಪೂರ್ತಿ ಭಾರ ಬಿಡದೆ ಕೂತ. ನೋಲೀನ್ ಅವನ ಕಡೆಯ ಬಾಗಿಲು ಹಾಕಿ, ಸುತ್ತಿ ಬಂದು, ಚೀಲವನ್ನು ತನ್ನ ಸೀಟಿನ ಮೇಲೆ ಹಾಸಿಕೊಂಡಳು. ಅದರ ಮೇಲೆ ಕೂತು ಗಾಡಿ ಶುರು ಮಾಡಿದಳು.