ಸಲೂನಿನವನ ಬಲಗೈ

“ಗಡ್ಡ ಇವತ್ತು ಬೇಡಪ್ಪ, ತಲೆ ಒಂದು ಮಾಡಿ ಕಳಿಸು,” ಅಂದರು ಮೇಷ್ಟ್ರು.

ಕುರ್ಚಿಗೆ ಒರಗಿದರೆ ಸಾಕು ಗೊರಕೆ ಹೊಡೆಯುತ್ತಿದ್ದ ಮನುಷ್ಯ, ಇವತ್ತು ಕನ್ನಡಿಯಲ್ಲಿ ಕತ್ತಿಯನ್ನೇ ನೋಡುತ್ತ ಕೂತಿದ್ದರು. ಸಲೂನಿನವನಿಗೆ ಅರ್ಥವಾಯಿತು. ತಿಂಗಳಿಂದ ಅವನ ಬಲಗೈ ನಡುಗುತ್ತಿತ್ತು. ಲಕ್ವವೇ ಇರಬೇಕು, ಇನ್ನು ಕತ್ತಿ ಕೆಳಗಿಡುವುದೇ ಸೈ ಅಂತ ಒಳಗೊಳಗೇ ಕೊರಗುತ್ತಿದ್ದ. ಡಾಕ್ಟರು ಪರೀಕ್ಷೆಗೆ ಬರೆದುಕೊಟ್ಟ ಚೀಟಿ ಮಾತ್ರ ಎರಡು ವಾರದಿಂದ ಕನ್ನಡಿಯ ಹಿಂದೆ ಬೆಚ್ಚಗಿತ್ತು.

ಆ ಚೀಟಿ ಹೊರಗೆಳೆದವಳು ನಾದಿನಿ. ಅವಳು ಆರೋಗ್ಯ ಕಾರ್ಯಕರ್ತೆ. ಅಕ್ಕ ಕಣ್ಣೀರು ಹಾಕಿದಳೆಂದು ಸಂಜೆಯೇ ಅಂಗಡಿಗೆ ಬಂದಿದ್ದಳು.

“ಕೈಗೆ ಕರೆಂಟು ಕೊಡ್ತಾರಂತೆ ಕಣಮ್ಮ. ಈಗ ನಡುಗೋ ಕೈಯಾದರೂ ಇದೆ. ಆಮೇಲೆ ಅದೂ ಇಲ್ಲ ಅಂದ್ರೆ?”

“ಕೊಡೋದಿಲ್ಲ ಭಾವ, ಬರ್ಕೋತಾರೆ ಅಷ್ಟೆ. ಕೈ ಆಡಿಸಿದಾಗೆಲ್ಲ ನಮ್ಮ ಸ್ನಾಯುವಿನಲ್ಲೇ ಚೂರು ಕರೆಂಟು ಹುಟ್ಟುತ್ತೆ. ಚರ್ಮದ ಮೇಲೆ ಬಿಲ್ಲೆ ಅಂಟಿಸಿ ಅದನ್ನ ನೋಡ್ತಾರೆ. ಇದರಲ್ಲಿ ಸೂಜೀನೂ ಇಲ್ಲ. ಎದೆಬಡಿತ ಕೇಳಿದ್ರೆ ಎದೆ ನಿಂತುಹೋಗುತ್ತಾ?”

ಉಬ್ಬಸದ ಪಂಪೂ ಸೇರಿ ತೆಗೆದುಕೊಳ್ಳುವ ಮದ್ದೆಲ್ಲ ತನ್ನಿ, ಕೈಗೆ ಎಣ್ಣೆ ಕ್ರೀಮು ಹಚ್ಚಬೇಡಿ ಅಂತ ಅವಳು ಎರಡೆರಡು ಸಲ ಹೇಳಿ ಹೋದಳು.

ಬೆಳಿಗ್ಗೆ ಅವನು ಬಿಲ್ಲೆ ಚೆನ್ನಾಗಿ ಅಂಟಲೆಂದು ಎಡಗೈಯಲ್ಲೇ ಬಲಗೈಯ ಕೂದಲು ಬೋಳಿಸಿಕೊಂಡ. ಮೂವತ್ತು ವರ್ಷದ ಅಭ್ಯಾಸ ನೋಡಿ, ಕತ್ತಿ ಆಡಿಸಿದ ಮೇಲೆ ಕೈ ತಾನಾಗಿ ಕ್ರೀಮಿನ ಡಬ್ಬಿಗೆ ಹೋಯಿತು. ಆಸ್ಪತ್ರೆಯಲ್ಲಿ ಬಿಲ್ಲೆಗಳು ಒಂದೊಂದಾಗಿ ಜಾರಿ ಬಿದ್ದವು. ನಾದಿನಿ ಹಣೆ ಚಚ್ಚಿಕೊಂಡಳು. ಪರೀಕ್ಷೆ ಮಾಡುವಾಕೆ ನಗುತ್ತ ಕೈ ತೊಳೆಸಿ ಮತ್ತೆ ಅಂಟಿಸಿದಳು.

ಮುಷ್ಟಿ ಹಿಡಿಯಿರಿ ಅಂದಳು, ಹಿಡಿದ. ಕೈ ಚಾಚಿ ಅಂದಳು, ಚಾಚಿದ. ಪರದೆ ಮೇಲೆ ಗೀಟು ಕುಣಿಯಿತು. ಅವನು ಹಲ್ಲು ಕಚ್ಚಿ ಕಾಯುತ್ತಲೇ ಇದ್ದ.

“ಕರೆಂಟು ಯಾವಾಗ ತಾಯಿ?”

“ಪರೀಕ್ಷೆ ಮುಗೀತಲ್ಲ, ಎದ್ದೇಳಿ.”

ಡಾಕ್ಟರು ಗೀಟು ನೋಡಿದರು, ಅಲ್ಲೇ ಮಾಡಿಸಿದ ರಕ್ತಪರೀಕ್ಷೆ ನೋಡಿದರು, ಮದ್ದುಗಳನ್ನೆಲ್ಲ ಮೇಜಿನ ಮೇಲೆ ಸುರಿಸಿದರು. ಲಕ್ವವಲ್ಲ ಅಂದರು. ಉಬ್ಬಸಕ್ಕೆ ಸೇದುವ ಪಂಪನ್ನು ಹೇಳಿದ್ದಕ್ಕಿಂತ ಹೆಚ್ಚು ಸೇದುತ್ತಿದ್ದನಲ್ಲ, ನಡುಕ ಅದರದ್ದು. ಅಳತೆ ಸರಿಮಾಡಿ ಕೊಟ್ಟರು.

ಅಕ್ಕಂದಿರೇ, ಅಣ್ಣಂದಿರೇ, ಕೈಕಾಲು ನಡುಗಿದರೆ, ಬಲ ಕುಗ್ಗಿದರೆ ಡಾಕ್ಟರಿಗೆ ತೋರಿಸಿ. ಚೀಟಿ ಬಚ್ಚಿಡಬೇಡಿ, ಮದ್ದು ನೀವಾಗಿ ನಿಲ್ಲಿಸಬೇಡಿ. ಕೆಲವರಿಗೆ ಸೂಜಿಯ ಪರೀಕ್ಷೆಯೂ ಬೇಕಾಗಬಹುದು, ಮೊದಲೇ ಕೇಳಿ ತಿಳಿದುಕೊಳ್ಳಿ. ಒಮ್ಮೆಲೇ ಕೈಕಾಲು ಬಿದ್ದುಹೋದರೆ, ಬಾಯಿ ಸೊಟ್ಟಗಾದರೆ ಮಾತ್ರ ಒಂದು ಗಳಿಗೆಯೂ ಕಾಯದೆ ಆಸ್ಪತ್ರೆಗೆ ಓಡಿ.

ಮುಂದಿನ ತಿಂಗಳು ಮೇಷ್ಟ್ರು ಬಂದಾಗ ಸಲೂನಿನವನು ಬಲಗೈ ಚಾಚಿ ಹಿಡಿದ. ಅವರು ಕನ್ನಡಕ ಏರಿಸಿ ನೋಡಿದರು.

“ಗಡ್ಡಾನೂ ಇರಲಿ ಹಾಗಾದ್ರೆ.”

ಕತ್ತಿಯ ಎರಡನೇ ಎಳೆತಕ್ಕೆ ಗೊರಕೆ ಶುರುವಾಯಿತು.